ಮಂಚದ ಕೆಳಗಿನ ಸಾಹಿತ್ಯ

ಕನ್ನಡದಲ್ಲಿ ಲೇಖಕನಾಗಲು ಪ್ರತಿಭೆ ಬೇಕೋ ಬೇಡವೋ, ಎತ್ತರದ ಕಾಲಿರುವ ಮಂಚವಂತೂ ಬೇಕೇಬೇಕು. ನನ್ನ ಕಥಾಸಂಕಲನದ ಖರ್ಚಾಗದ ಪ್ರತಿಗಳು ಬೆಂಗಳೂರಂಚಿನ ಹುಣಸಮಾರನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಮಂಚದಡಿಯೇ ಬೀಡುಬಿಟ್ಟಿವೆ. ಪೊರಕೆ ತಗುಲಿದಾಗಲೆಲ್ಲ ನನ್ನವಳ ಕೂಗು: "ರೀ, ನಿಮ್ಮ ಸಾಹಿತ್ಯ ಸ್ವಲ್ಪ ಸರಿಸ್ತೀರಾ?"

ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದವರು. ನನಗೋ ಸೊಂಟನೋವು. ಇಲ್ಲಿಂದ ಗಾಂಧಿ ಬಜಾರಿನ ಪುಸ್ತಕದಂಗಡಿಗೆ ಹೊರಟರೆ ಹೆಬ್ಬಾಳದಲ್ಲಿ ಬಸ್ಸು ನಿಂತೇಬಿಡುತ್ತದೆ. ಅಷ್ಟರಲ್ಲಿ ಒಂದು ಕಥೆ ಓದಿ ಮುಗಿಸಬಹುದು, ನನ್ನದಾದರೆ ನಿದ್ದೆಯನ್ನೂ. ಹಾಗಾಗಿ ಫೇಸ್‌ಬುಕ್ಕಿನ ಓದುಗರ ಗುಂಪೊಂದಕ್ಕೆ ಸೇರಿಕೊಂಡೆ.

ಸೇರಿದ್ದು ಮಾರಲಿಕ್ಕೆ, ಆದದ್ದು ಕೊಳ್ಳೋದು. ಅಂಗಡಿಯವರು "ಪ್ರಿಂಟಿಲ್ಲ ಸಾರ್" ಎಂದು ಕೈಯಾಡಿಸಿದ ಪುಸ್ತಕ ಯಾರದೋ ಅಟ್ಟದಿಂದ ಇಳಿದು ಬರುತ್ತದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದ 'ಹಾರ್ಟ್ ಲ್ಯಾಂಪ್' ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆ ವಾರ ಗುಂಪಿನಲ್ಲಿ ಜಾತ್ರೆ. ಅದರ 12 ಕಥೆಗಳು ಮೂಲದಲ್ಲಿ ಯಾವ ಯಾವ ಸಂಕಲನದಲ್ಲಿವೆ ಎಂದು ಹುಡುಕಾಟವೋ ಹುಡುಕಾಟ. ಇನ್ನು ನಮ್ಮ ಪಕ್ಕದ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆದಾಗ ನನ್ನ ಓದು ಇನ್ನೂ ಜೋರು: ಹದ್ದುಗಳು ವಿಮಾನಕ್ಕೆ ಅಡ್ಡ ಬರಬಾರದೆಂದು ಸುತ್ತಲಿನ ಮಾಂಸದಂಗಡಿಗಳನ್ನೂ ಮುಚ್ಚಿಸಿರುತ್ತಾರೆ. ಸೊಪ್ಪಿನ ಸಾರು ಉಂಡವನು ಮತ್ತೇನು ಮಾಡಬೇಕು?

ಕೊನೆಗೂ ಒಬ್ಬರು ನನ್ನ ಪುಸ್ತಕವನ್ನು ದುಡ್ಡು ಕೊಟ್ಟು ತರಿಸಿಕೊಂಡರು. ಓದಿದರು ಕೂಡ! "ಮೂರನೇ ಕಥೆ ಕೊನೆಯ ಪುಟಕ್ಕೆ ಮುಂಚೆಯೇ ಮುಗಿದಿದೆ, ಆಮೇಲಿನದು ಉಪನ್ಯಾಸ" ಎಂದು ಗುಂಪಿನಲ್ಲಿ ಬರೆದರು. ನಾನು ಉಬ್ಬಿಹೋಗಿ ಅಡುಗೆಮನೆಗೆ ಓಡಿದೆ.

"ನೋಡೇ, ಎಂಥಾ ಒಳನೋಟ!"

ಒಗ್ಗರಣೆ ಸೌಟು ಹಿಡಿದೇ ತಿರುಗಿದಳು. "ಹಸ್ತಪ್ರತಿ ಓದಿ ನಾನೂ ಇದನ್ನೇ ಹೇಳಿದ್ದೆ. ಆಗ ಅದು ಕೊಂಕಾಗಿತ್ತು."

ಅಲ್ಲಿಗೆ ಮುಗಿಯಲಿಲ್ಲ. ಅವಳೂ ಗುಂಪಿಗೆ ಸೇರಿದಳು. ಕುಕ್ಕರ್ ಕೂಗುವುದರೊಳಗೆ ನಾಲ್ಕು ಸಾಲು ಬರೆಯುತ್ತಾಳೆ, ನೆಟ್ಟಗೆ, ಹಂಗಿಲ್ಲದೆ. ಹೊಸ ಲೇಖಕರು ಅಚ್ಚಿಗೆ ಕಳಿಸುವ ಮುನ್ನ "ಮೇಡಂ, ಒಮ್ಮೆ ನೋಡಿಕೊಡಿ" ಎಂದು ಅವಳಿಗೇ ಕಳಿಸುತ್ತಾರೆ. ನನ್ನನ್ನು ಅಲ್ಲಿ ಗುರುತಿಸುವುದು "ಮೇಡಂ ಅವರ ಯಜಮಾನರು, ಅವರೂ ಏನೋ ಬರೀತಾರೆ" ಎಂದು. ಅವಳು ನನ್ನ ಸಂಕಲನದ ಬಗ್ಗೆಯೂ ಬರೆದಳು. ಮೂರನೇ ಕಥೆಯನ್ನು ಬಿಡಲಿಲ್ಲ. ಆದರೆ ಐದನೆಯದನ್ನು ಹೊಗಳಿದ್ದಳು, ಮನೆಯಲ್ಲಿ ಎಂದೂ ಹೇಳದ ಮಾತು. ಅದೇ ವಾರ ಮಂಚದಡಿಯ ಒಂದು ಕಟ್ಟು ಬಿಚ್ಚಬೇಕಾಯಿತು.

ಈಗ ಅಂಚೆ ಕಚೇರಿ ನನ್ನ ಪಾಲು. 2025ರ ಮೇ 1ರಂದು ಶುರುವಾದ 'ಜ್ಞಾನ ಪೋಸ್ಟ್'ನಲ್ಲಿ 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ, ತೆರಿಗೆ ಬೇರೆ. "ಒಳಗೆ ಜ್ಞಾನ ಎಲ್ಲಿದೆ ಅಂತ ಕೌಂಟರಿನಲ್ಲಿ ಕೇಳಿದರೆ ಏನು ಹೇಳ್ತೀರಿ?" ಎಂಬುದು ಇವಳ ಆತಂಕ.

ಆದ್ದರಿಂದ ಓದುಗ ಮಹಾಶಯರೇ, ಯಾರ ಪುಸ್ತಕವನ್ನೇ ಓದಿ, ಗುಂಪಿನಲ್ಲಿ ಎರಡು ಸಾಲು ಬರೆಯಿರಿ, ಬೈದಾದರೂ ಸರಿ. ನನ್ನದು ಬೇಕಿದ್ದರೆ ತಿಳಿಸಿ, ಅಂಚೆವೆಚ್ಚ ನನ್ನದೇ. ವಿಳಾಸದ ಜೊತೆ ಪಿನ್‌ಕೋಡ್ ಬರೆಯಲು ಮಾತ್ರ ಮರೆಯಬೇಡಿ.