ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?

ಹೊಸ ಕ್ಯಾಮೆರಾ ತಂದವರನ್ನು ಮೊದಲ ದಿನವೂ ನೋಡಬೇಕು, ಮರುದಿನವೂ ನೋಡಬೇಕು. ಮೊದಲ ದಿನ ಡಬ್ಬಿ ಬಿಚ್ಚಿ, ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಮನೆಯ ಬೆಕ್ಕಿನಿಂದ ಹಿಡಿದು ಎದುರುಮನೆಯ ತೆಂಗಿನಮರದ ತನಕ ಎಲ್ಲವನ್ನೂ ರಾದಲ್ಲೇ ಹೊಡೆದಿರುತ್ತಾರೆ. ಜೇಪೆಗ್‌ನಲ್ಲಿ ಹೊಡೆಯುವುದು ಈಗ ಮರ್ಯಾದಸ್ಥರ ಲಕ್ಷಣವಲ್ಲ ನೋಡಿ. ಮರುದಿನ ಕಾರ್ಡನ್ನು ಕಂಪ್ಯೂಟರಿಗೆ ತೂರಿಸಿ, ಫೈಲಿನ ಮೇಲೆ ಎರಡು ಸಲ ಕುಟ್ಟುತ್ತಾರೆ. ಎಷ್ಟೋ ವರ್ಷದಿಂದ ಹೇಳಿದ್ದನ್ನೆಲ್ಲ ಕೇಳಿಕೊಂಡಿದ್ದ ಹಳೆಯ ಫೋಟೋಶಾಪು, ಇದು ಸರಿಯಾದ ಬಗೆಯ ಡಾಕ್ಯುಮೆಂಟೇ ಅಲ್ಲ ಎಂದು ಮುಖ ತಿರುಗಿಸುತ್ತದೆ. ಲಕ್ಷಗಟ್ಟಲೆ ಸುರಿದು, ಉಳಿದದ್ದಕ್ಕೆ ಇಎಂಐ ಕಟ್ಟುತ್ತಿರುವವರಿಗೆ ಹೀಗೆ ಅನ್ನಬಹುದೇ?

ನಮ್ಮ ಪೇಟೆಬೀದಿಯ ಸ್ಟುಡಿಯೋದವರೊಬ್ಬರು ಇದೇ ಅವಮಾನ ಹೊತ್ತು ನನ್ನ ಹತ್ತಿರ ಬಂದರು.

“ಮೇಷ್ಟ್ರೇ, ಕ್ಯಾಮೆರಾ ಡೂಪ್ಲಿಕೇಟ್ ಇರಬೋದಾ?”

“ಕ್ಯಾಮೆರಾ ಅಪ್ಪಟ ಅಸಲಿ. ನಿಮ್ಮ ಸಾಫ್ಟ್‌ವೇರ್ ಯಾವ ಕಾಲದ್ದು?”

“ನಮ್ಮ ಹುಡುಗ ಎಲ್‌ಕೆಜಿಗೆ ಸೇರಿದಾಗ ಹಾಕಿಸಿದ್ದು.”

“ಹುಡುಗ ಈಗ?”

“ಡಿಪ್ಲೊಮಾ ಎರಡನೇ ವರ್ಷ.”

“ಹಾಕಿಸಿದ್ದು ಅಂದ್ರೆ, ದುಡ್ಡು ಕೊಟ್ಟು ತಗೊಂಡಿದ್ದಾ?”

“ಕಾಫಿ ತರಿಸ್ಲಾ ಮೇಷ್ಟ್ರೇ?”

ಕಾಫಿ ಬರುವಷ್ಟರಲ್ಲಿ ವಿಷಯ ಹೇಳಿಬಿಡುತ್ತೇನೆ. ರಾ ಫೈಲಿನಲ್ಲಿ ಇರುವುದು ಇನ್ನೂ ಚಿತ್ರವಲ್ಲ, ಬರೀ ಲೆಕ್ಕ. ಸೆನ್ಸರಿನ ಕೋಟಿಗಟ್ಟಲೆ ಚುಕ್ಕಿಗಳಿಗೆ ಬೆಳಕೆಷ್ಟು ಬಿತ್ತು ಎಂಬುದು ಗೊತ್ತೇ ಹೊರತು ಬಣ್ಣ ಗೊತ್ತಿಲ್ಲ. ಅದಕ್ಕೇ ಅವುಗಳ ಮೇಲೆ ಬಣ್ಣದ ಫಿಲ್ಟರುಗಳನ್ನು ಕೂರಿಸುತ್ತಾರೆ. ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಈ ಏರ್ಪಾಟಿಗೆ 1976ರಲ್ಲಿ ಪೇಟೆಂಟ್ ಪಡೆದರು. ಇವತ್ತಿಗೂ ಬಹುಪಾಲು ಕ್ಯಾಮೆರಾಗಳು ಅದನ್ನೇ ನಂಬಿಕೊಂಡಿವೆ. ಹಾಗಾಗಿ ಪ್ರತಿ ಚುಕ್ಕಿಗೂ ಒಂದು ಬಣ್ಣದ ಸಮಾಚಾರ ಮಾತ್ರ ಗೊತ್ತು, ಉಳಿದೆರಡನ್ನು ಅಕ್ಕಪಕ್ಕದವರನ್ನು ವಿಚಾರಿಸಿ ಸಾಫ್ಟ್‌ವೇರೇ ತುಂಬಿಕೊಳ್ಳಬೇಕು. ಜೇಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ. 14 ಬಿಟ್‌ನ ರಾದಲ್ಲಿ 16,384. ಮದುಮಗನ ಬಿಳಿ ಪಂಚೆ ಬಿಸಿಲಿಗೆ ಸುಟ್ಟುಹೋದರೂ ನೆರಿಗೆಯನ್ನು ಒಂದಿಷ್ಟು ವಾಪಸು ಎಳೆಯಬಹುದು ಎಂಬ ಧೈರ್ಯ ಬರುವುದು ಇಲ್ಲಿಂದಲೇ.

ಆದರೆ ಲೆಕ್ಕ ಓದಲು ಆಯಾ ಮಾದರಿಯ ಗುಟ್ಟು ತಿಳಿದಿರಬೇಕು. ಅದರ ಕಪ್ಪು ಎಷ್ಟನೇ ಅಂಕಿಯಿಂದ ಶುರು, ಅದರ ಕೆಂಪು ಎಷ್ಟು ಕೆಂಪು, ಅಂಕಿಗಳನ್ನು ಯಾವ ರೀತಿ ಒತ್ತಿ ತುಂಬಿದ್ದಾರೆ, ಎಲ್ಲ. ಆದ್ದರಿಂದ ಸಾಫ್ಟ್‌ವೇರ್ ಹೆಸರಿನ ಪಟ್ಟಿ ಇಟ್ಟುಕೊಂಡಿರುತ್ತದೆ. ಛತ್ರದ ಬಾಗಿಲಲ್ಲಿ ಪನ್ನೀರುದಾನಿಯ ಪಕ್ಕ ಕುರ್ಚಿ ಹಾಕಿಕೊಂಡು, ಬಂದವರನ್ನೆಲ್ಲ “ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?” ಎಂದು ಕೇಳುವ ಹಿರಿಯರು ಇರುತ್ತಾರಲ್ಲ, ಹಳೆಯ ಸಾಫ್ಟ್‌ವೇರ್ ಅಂದರೆ ಅವರೇ. ಪಟ್ಟಿ ಬರೆದಾಗ ನೀವು ಹುಟ್ಟಿರಲಿಲ್ಲ. ಆದ್ದರಿಂದ ನೀವು ಯಾರ ಕಡೆಯೂ ಅಲ್ಲ. ಹೋದ ವರ್ಷದ ಮಾದರಿ, ನಿಮ್ಮ ಸ್ವಂತ ಅಣ್ಣ, ಮೊದಲನೇ ಪಂಕ್ತಿಯಲ್ಲಿ ಕೂತು ಹೋಳಿಗೆ ಹೊಡೆಯುತ್ತಿದ್ದರೂ ಸರಿಯೇ.

ಕ್ಯಾಮೆರಾದವರಾದರೂ ಒಂದು ಹೆಸರಿಗೆ ನಿಲ್ಲುತ್ತಾರೆಯೇ? ಕ್ಯಾನನ್‌ನವರ 600ಡಿ ನಮಗೆಲ್ಲ 600ಡಿ. ಅದೇ ಕ್ಯಾಮೆರಾ ಅಮೆರಿಕದಲ್ಲಿ ರೆಬೆಲ್ ಟಿ3ಐ, ಜಪಾನಿನಲ್ಲಿ ಕಿಸ್ ಎಕ್ಸ್5. ಊರಿಗೊಂದು ಹೆಸರಿಟ್ಟುಕೊಂಡು ತಿರುಗುವವರನ್ನು ನಮ್ಮ ಕಡೆ ಠಾಣೆಗೆ ಕರೆಸಿ ಕೂರಿಸುತ್ತಾರೆ.

ಇದನ್ನೇ ನೋಡಿ ಕಲಿತ ಕಿಲಾಡಿಗಳೂ ಇದ್ದಾರೆ. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನದಿಂದ ಫೈಲಿನೊಳಗಿನ ಮಾದರಿಯ ಹೆಸರನ್ನೇ ತಿದ್ದಿ, ಅಣ್ಣನ ಹೆಸರಲ್ಲಿ ತಮ್ಮನನ್ನು ಒಳಗೆ ನುಗ್ಗಿಸುತ್ತಾರೆ. ಇಬ್ಬರ ಒಳಗಿನ ಸರಕು ಒಂದೇ ಆಗಿದ್ದರೆ ಕೆಲಸ ನಡೆಯುತ್ತದೆ. ಇಲ್ಲವಾದರೆ ಧಾರೆ ಸೀರೆ ಅಂಗಡಿಯಲ್ಲಿ ಕೊಂಡದ್ದು ಒಂದು ಬಣ್ಣ, ಆಲ್ಬಂನಲ್ಲಿ ಬಂದದ್ದು ಇನ್ನೊಂದು. ಬೀಗಿತ್ತಿಯರ ಮುಂದೆ ನಿಂತು ಉತ್ತರ ಹೇಳುವ ಎದೆಗಾರಿಕೆ ಇದ್ದವರು ಮಾತ್ರ ಇದಕ್ಕೆ ಕೈಹಾಕಬೇಕು, ಅದೂ ಫೈಲಿನ ನಕಲು ಇಟ್ಟುಕೊಂಡು.

ಪಟ್ಟಿ ಹಿಡಿದ ಈ ಹಿರಿಯರನ್ನು ಬಾಗಿಲಲ್ಲಿ ಕೂರಿಸಿದ್ದು 2003ರ ಫೆಬ್ರವರಿಯಲ್ಲಿ. ಫೋಟೋಶಾಪನ್ನು ಹುಟ್ಟಿಸಿದ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಥಾಮಸ್ ನೋಲ್, ಕ್ಯಾಮೆರಾ ರಾ ಎಂಬ ಪ್ಲಗಿನ್ ಬರೆದರು. ಫೋಟೋಶಾಪ್ 7.0.1ಕ್ಕೆ ಅದನ್ನು ಬೇರೆಯಾಗಿ 99 ಡಾಲರಿಗೆ ಮಾರಿದರು. ಆಮೇಲೆ ಫೋಟೋಶಾಪಿನ ಜೊತೆಗೇ ಬರತೊಡಗಿತು, ಹೊಸ ಕ್ಯಾಮೆರಾ ಬಂದ ಹಾಗೆಲ್ಲ ಪಟ್ಟಿಗೆ ಹೆಸರು ಸೇರುತ್ತಾ ಹೋಯಿತು. ಸೇರಿದ್ದು ಹೊಸ ಫೋಟೋಶಾಪಿನ ಪಟ್ಟಿಗೆ ಎಂಬುದೇ ಇದರೊಳಗಿನ ಮಸಲತ್ತು. ಸಿಎಸ್3ರ ಬಾಗಿಲು ಕ್ಯಾಮೆರಾ ರಾ 4.6ಕ್ಕೆ ಮುಚ್ಚಿತು, ಸಿಎಸ್6ರದು 9.1.1ಕ್ಕೆ. 2013ರಿಂದ ಫೋಟೋಶಾಪಿನ ಒಡೆಯರಾದ ಅಡೋಬಿಯವರು ಹೊಸ ಫೋಟೋಶಾಪನ್ನು ಮಾರುವುದನ್ನೇ ಬಿಟ್ಟು ತಿಂಗಳ ಬಾಡಿಗೆಗೆ ಕೊಡತೊಡಗಿದರು. ಅವರದೇ ಇನ್ನೊಂದು ಸಾಫ್ಟ್‌ವೇರಾದ ಲೈಟ್‌ರೂಮಿನಲ್ಲಿ ಒಮ್ಮೆ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯದು ಆರನೆಯದು. ಅದಕ್ಕೂ 2017ರ ಡಿಸೆಂಬರ್‌ನಲ್ಲಿ 6.14 ಕೊಟ್ಟು ಕೈತೊಳೆದುಕೊಂಡರು. ಮರುವರ್ಷವೇ ಕ್ಯಾನನ್‌ನವರು ಎಂ50ಯ ಜೊತೆ ಸಿಆರ್3 ಎಂಬ ಹೊಸ ನಮೂನೆ ತಂದರು. ಸಿಆರ್2 ಅಭ್ಯಾಸವಾಗಿದ್ದವರಿಗೆ ಮತ್ತೆ ಅ ಆ ಇ ಈ.

ಎಲ್ಲ ತಪ್ಪನ್ನೂ ಅಡೋಬಿಯ ತಲೆಗೆ ಕಟ್ಟುವುದು ಸುಲಭ, ನ್ಯಾಯವಲ್ಲ. ಗುಟ್ಟನ್ನು ಮೊದಲು ಬಚ್ಚಿಟ್ಟವರು ಕ್ಯಾಮೆರಾ ಮಾಡುವವರು. 2005ರಲ್ಲಿ ನಿಕಾನ್‌ನ ಡಿ2ಎಕ್ಸ್ ಪೇಟೆಗೆ ಬಂದಾಗ, ಅದರ ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸಿನ ಅಂಕಿಗಳಿಗೇ ಬೀಗ ಹಾಕಿದ್ದಾರೆ ಎಂದು ಅದೇ ಥಾಮಸ್ ನೋಲ್ ಬಹಿರಂಗವಾಗಿ ಕೂಗಾಡಿದರು. ಯೋಚಿಸಿ: ಫೋಟೋ ನೀವು ತೆಗೆದದ್ದು, ಕ್ಯಾಮೆರಾ ನೀವು ಕೊಂಡದ್ದು, ಬಿಳಿ ಯಾವುದು ಎಂಬುದಕ್ಕೆ ಮಾತ್ರ ಕಂಪನಿಯ ಅಪ್ಪಣೆ ಬೇಕು! ಡೇವ್ ಕಾಫಿನ್ ಎಂಬ ಪುಣ್ಯಾತ್ಮರು ಆ ಬೀಗವನ್ನೂ ಬಿಚ್ಚಿದರು. ಅವರು 1997ರಿಂದ ಡಿಸಿರಾ ಎಂಬ ಪ್ರೋಗ್ರಾಮ್ ಬರೆಯುತ್ತಾ, ಕಂಪನಿಗಳು ಬಾಯಿಬಿಡದ ನಮೂನೆಗಳನ್ನೆಲ್ಲ ಒಂದೊಂದಾಗಿ ಒಡೆದು ಓದುತ್ತಿದ್ದರು. ಬರೆದದ್ದನ್ನು ಊರಿಗೆಲ್ಲ ಪುಕ್ಕಟೆ ಹಂಚಿದರು. ಲೋಕದಲ್ಲಿ ಎಷ್ಟೋ ಉಚಿತ ಸಾಫ್ಟ್‌ವೇರುಗಳು ಅವರ ಬುತ್ತಿ ಉಂಡೇ ದೊಡ್ಡವಾದವು. ಸನ್ಮಾನಕ್ಕೆ ಶಾಲು ಹೊದಿಸುವುದಾದರೆ ನನ್ನ ಮತ ಅವರಿಗೇ.

ಅಡೋಬಿಯವರು 2004ರಲ್ಲೇ ಒಂದು ರಾಜಿಪಂಚಾಯಿತಿ ಮಾಡಿದ್ದರು. ಡಿಎನ್‌ಜಿ ಎಂಬ ಬಹಿರಂಗ ನಮೂನೆ. ಬಣ್ಣ ಓದುವ ಗುಟ್ಟನ್ನು ಫೈಲೇ ಹೊತ್ತುಕೊಂಡು ಬರುತ್ತದೆ, ಬಾಗಿಲಲ್ಲಿ ಯಾರ ಕಡೆ ಎಂದು ಕೇಳುವ ಪ್ರಮೇಯವೇ ಇಲ್ಲ. ಪೆಂಟ್ಯಾಕ್ಸ್, ಲೈಕಾದವರು ಕ್ಯಾಮೆರಾದೊಳಗೇ ಅದನ್ನು ಇಟ್ಟರು. ದೊಡ್ಡ ಮನೆಯವರು ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ತಂತಮ್ಮ ನಮೂನೆ ಬಿಡಲೂ ಇಲ್ಲ. ನಮ್ಮಂಥವರಿಗೆ ಉಳಿದದ್ದು ಡಿಎನ್‌ಜಿ ಕನ್ವರ್ಟರ್. ಇದು ಅಡೋಬಿಯವರೇ ಉಚಿತವಾಗಿ ಕೊಡುವ ಪ್ರೋಗ್ರಾಮ್. ಹೊಸ ರಾ ಹಾಕಿದರೆ ಹಳೆಯ ಫೋಟೋಶಾಪು ಒಪ್ಪುವ ಡಿಎನ್‌ಜಿ ಬರುತ್ತದೆ.

ಇದನ್ನು ಹೇಳಿ ಕಳಿಸಿದೆ. ಅರ್ಧ ಗಂಟೆಗೆ ಫೋನು.

“ಮೇಷ್ಟ್ರೇ, ಫೋಲ್ಡರ್ ಒಳಗೆ ಏನೂ ಇಲ್ಲ ಅಂತಿದೆ! ಮದುವೆ ಮುಹೂರ್ತದ್ದೆಲ್ಲ ಹೋಯ್ತಾ?”

ಹೋಗಿರಲಿಲ್ಲ. ಆ ಕನ್ವರ್ಟರಿಗೆ ತೋರಿಸಬೇಕಾದದ್ದು ಫೋಲ್ಡರನ್ನೇ ಹೊರತು ಫೈಲನ್ನಲ್ಲ. ಫೋಲ್ಡರ್ ಆರಿಸುವಾಗ ಒಳಗಿನ ಫೈಲುಗಳು ಕಣ್ಣಿಗೆ ಬೀಳುವುದಿಲ್ಲ, ನೋಡಿದವರ ಎದೆ ಧಸಕ್ಕೆನ್ನುತ್ತದೆ. ಎದೆ ಗಟ್ಟಿಮಾಡಿಕೊಂಡು ಒತ್ತಿದರೆ ಮುಂದಿನ ಎಡವಟ್ಟು ಪ್ರಿಫರೆನ್ಸಿನದು. ಅಲ್ಲಿ ಕಂಪ್ಯಾಟಿಬಿಲಿಟಿ ಎಂಬಲ್ಲಿ ನಿಮ್ಮ ಫೋಟೋಶಾಪಿನ ಕ್ಯಾಮೆರಾ ರಾ ಯಾವುದೋ ಅದಕ್ಕೆ ಸರಿಹೊಂದುವುದನ್ನು ಆರಿಸಬೇಕು. ಆರಿಸದೆ ಬಿಟ್ಟರೆ ಅದು ಹೊಸ ಕಾಲದ ಡಿಎನ್‌ಜಿ ಮಾಡಿಟ್ಟು, ಹಿರಿಯರು ಅದನ್ನೂ ಬಾಗಿಲಲ್ಲೇ ನಿಲ್ಲಿಸಬಹುದು.

ಇಷ್ಟೆಲ್ಲ ಆಗಲು ಮೊದಲು ಕನ್ವರ್ಟರ್ ಕಂಪ್ಯೂಟರಿನಲ್ಲಿ ಕೂರಬೇಕಿತ್ತಲ್ಲ, ಅದೂ ಒಂದು ಕಥೆ. ಹೊಸ ಕ್ಯಾಮೆರಾ ಗೊತ್ತಿರುವುದು ಹೊಸ ಕನ್ವರ್ಟರಿಗೆ. ಹೊಸ ಕನ್ವರ್ಟರಿಗೆ 64 ಬಿಟ್‌ನ ವಿಂಡೋಸ್ 10 ಆದರೂ ಬೇಕು. ನಮ್ಮವರ ಕಂಪ್ಯೂಟರಿನಲ್ಲಿ ವಿಂಡೋಸ್ 7. ಹಳೆಯದನ್ನು ಉಳಿಸಿಕೊಳ್ಳಲು ಹೊಸದನ್ನು ಕೊಳ್ಳಬೇಕು ಎಂಬುದನ್ನು ಅವರಿಗೆ ತಿಳಿಸಿಹೇಳುವಷ್ಟರಲ್ಲಿ ಎರಡನೇ ಕಾಫಿಯೂ ಆಗಿತ್ತು. ಕೊನೆಗೆ ಡಿಪ್ಲೊಮಾ ಹುಡುಗನ ಲ್ಯಾಪ್‌ಟಾಪಿನಲ್ಲಿ ಕೂರಿಸಿದ್ದೆವು. ಹುಡುಗ ಪೆಟ್ರೋಲಿಗೆ ಇನ್ನೂರು ರೂಪಾಯಿ ಕೇಳಿದ್ದ.

ರಾ ತೆರೆಯಲು ಡಾರ್ಕ್‌ಟೇಬಲ್ ಇದೆ, ರಾಥೆರಪಿ ಇದೆ, ಎರಡೂ ಪುಕ್ಕಟೆ. ಕ್ಯಾಮೆರಾ ಕಂಪನಿಯದೇ ಸಾಫ್ಟ್‌ವೇರಿನಲ್ಲಿ ತೆರೆದು 16 ಬಿಟ್‌ನ ಟಿಫ್ ಮಾಡಿಕೊಂಡರೂ ಹಳೆಯ ಫೋಟೋಶಾಪು ನುಂಗುತ್ತದೆ ಎಂದೂ ಹೇಳಿ ನೋಡಿದೆ. ಪುಕ್ಕಟೆ ಅಂದರೆ ಅವರಿಗೆ ಭಯ, ಬಾಡಿಗೆ ಅಂದರೆ ಕೋಪ. ಹಳೆಯದನ್ನು ಬಿಡುವ ಮಾತಂತೂ ಇಲ್ಲ. ಅದರಲ್ಲಿ ಹನ್ನೆರಡು–ಮೂವತ್ತಾರರ ಕರಿಜ್ಮಾ ಆಲ್ಬಂನ ಪಿಎಸ್‌ಡಿಗಳು ರಾಶಿಬಿದ್ದಿವೆ, ‘ಚಿ. ಸೌ.’ ಬರೆಯಲು ನುಡಿ ಫಾಂಟು ಹದವಾಗಿ ಕೂತಿದೆ. ಆ ಕಾಲದ ಫೋಟೋಶಾಪಿಗೆ ಯೂನಿಕೋಡ್ ಕನ್ನಡ ಕೊಟ್ಟು ನೋಡಿ, ಒತ್ತಕ್ಷರಗಳು ದಿಕ್ಕಾಪಾಲಾಗಿ ಓಡುತ್ತವೆ. ನುಡಿಯಲ್ಲಿ ಆ ರಗಳೆಯಿಲ್ಲ. ಕಣ್ಣು ಮುಚ್ಚಿಕೊಂಡು ಶಾರ್ಟ್‌ಕಟ್ ಒತ್ತುವ ಕೈಯನ್ನು ಈ ವಯಸ್ಸಿನಲ್ಲಿ ಮತ್ತೆ ಶಾಲೆಗೆ ಕಳಿಸಿ ಎನ್ನಲು ನನಗೂ ಬಾಯಿ ಬರಲಿಲ್ಲ.

ಅಂತೂ ಸಂಜೆಯ ಹೊತ್ತಿಗೆ ಮುಹೂರ್ತದ ಫೋಟೋ ಹಳೆಯ ಫೋಟೋಶಾಪಿನಲ್ಲಿ ತೆರೆದುಕೊಂಡಿತು. ಕನ್ನಡಕ ಏರಿಸಿ, ಇಳಿಸಿ, ಜೂಮ್ ಮಾಡಿ, ತಾಳಿಯ ಗುಂಡನ್ನು ಎಣಿಸಿ ನೋಡಿದರು.

“ಅಂದ್ರೆ ಮೇಷ್ಟ್ರೇ, ಇನ್ಮೇಲೆ ಯಾವ ಕ್ಯಾಮೆರಾ ಬಂದ್ರೂ ಈ ಕನ್ವರ್ಟರ್ ನೋಡ್ಕೊಳತ್ತೆ?”

“ಅದರ ಪಟ್ಟಿಯಲ್ಲಿ ಹೆಸರು ಬಂದಮೇಲೆ. ಅಲ್ಲೀತನಕ ಕಾಯಬೇಕು.”

ಅಷ್ಟೂ ಅವರ ಕಿವಿಗೆ ಬಿತ್ತೋ ಇಲ್ಲವೋ. “ಹಂಗಾದ್ರೆ ಸೆಕೆಂಡ್ ಬಾಡಿ ಒಂದು ಬುಕ್ ಮಾಡ್ಬಿಡ್ತೀನಿ” ಅಂದರು. “ಹೋದ ವಾರ ಬಂದಿದೆಯಂತೆ. ಬೇರೆ ಕಂಪನೀದು.”