ಹಾಜರಿ ಯಂತ್ರಕ್ಕೆ ಗುಡಗೇರಿಯಿಂದ ಬಹಿರಂಗ ಪತ್ರ

ಬೆಂಗಳೂರಿನ ಟೆಕ್ ಪಾರ್ಕುಗಳ ಬಾಗಿಲಲ್ಲಿ ಹಗಲಿರುಳು ನಿಂತು, ಕೊರಳ ಕಾರ್ಡು ತಾಗಿಸಿದವರನ್ನಷ್ಟೇ ಒಳಗೆ ಬಿಡುವ ಹಾಜರಿ ಯಂತ್ರ ಮಹಾಶಯರಿಗೆ ಕುಂದಗೋಳ ತಾಲ್ಲೂಕು ಗುಡಗೇರಿಯಿಂದ ಸಾಷ್ಟಾಂಗ ನಮಸ್ಕಾರಗಳು.

2020ರ ಲಾಕ್‌ಡೌನಿನಲ್ಲಿ ತಮ್ಮ ಮುಂದೆ ನರಪಿಳ್ಳೆ ಸುಳಿಯಲಿಲ್ಲ. ಕಾರ್ಡಿನವರೆಲ್ಲ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಊರು ಸೇರಿದರು. ಈ ಸೀಮೆಯಲ್ಲೂ ಪಡಸಾಲೆಯ ಮೂಲೆ, ಜೋಳದ ಚೀಲದ ಪಕ್ಕ, ಅಮೆರಿಕದ ಗಿರಾಕಿಯ ಮೀಟಿಂಗಿಗೆ ಮೀಸಲಾಯಿತು. ಕಟ್ಟೆಯ ಮೇಲಿನ ಹಿರಿಯರಿಗೆ ಒಂದೇ ಅನುಮಾನ: "ದಿನಾ ಮನ್ಯಾಗ ಕುಂತಿರ್ತಾನ, ಪಗಾರ ಯಾರ ಕೊಡ್ತಾರೋ ಇವಂಗ?" ತಾವೂ ಆ ಹಿರಿಯರ ಪಕ್ಷವೇ. ಆದರೆ ತಾವು ಧೂಳು ಹಿಡಿದಿದ್ದ 2021–22ರಲ್ಲೇ ಇನ್ಫೋಸಿಸ್‌ನ ಆದಾಯ, ಸ್ಥಿರ ಕರೆನ್ಸಿ ಲೆಕ್ಕದಲ್ಲಿ, ಶೇ 19.7ರಷ್ಟು ಏರಿತು. ತಮಗೆ ಬೇಸರವಾಗಿರಬೇಕು.

ಈಗ ಮತ್ತೆ ತಮ್ಮದೇ ದರ್ಬಾರು. 2024ರಲ್ಲಿ ಟಿಸಿಎಸ್ ತ್ರೈಮಾಸಿಕ ಬೋನಸ್ಸನ್ನು ತಮ್ಮ ದಫ್ತರಕ್ಕೆ ಗಂಟು ಹಾಕಿತು: ಹಾಜರಿ ಶೇ 60ಕ್ಕಿಂತ ಕಡಿಮೆಯಾದರೆ ಸೊನ್ನೆ. ಇನ್ಫೋಸಿಸ್ 2025ರ ಮಾರ್ಚ್‌ನಿಂದ, ಕೆಳಹಂತದ ನೌಕರರು ತಿಂಗಳಿಗೆ 10 ದಿನವಾದರೂ ಆಫೀಸಿಗೆ ಬರಬೇಕೆಂದಿತು. ಅದರ ಸಂಸ್ಥಾಪಕ ನಾರಾಯಣ ಮೂರ್ತಿಯವರು 2023ರಲ್ಲಿ ಯುವಕರಿಗೆ ವಾರಕ್ಕೆ 70 ತಾಸು ದುಡಿಯಿರಿ ಎಂದಿದ್ದರು. 2025ರಲ್ಲಿ ಅದೇ ಕಂಪನಿ, ಮನೆಯಿಂದ ದಿನಕ್ಕೆ ಒಂಬತ್ತೂಕಾಲು ತಾಸಿಗಿಂತ ಹೆಚ್ಚು ದುಡಿದವರಿಗೆ ಆರೋಗ್ಯ ನೋಡಿಕೊಳ್ಳಿ ಎಂದು ಮೇಲ್ ಕಳಿಸಿತು. ಕಳ್ಳ ಬಿದ್ದಿದ್ದಾರೆಂದು ಕರೆಸಿಕೊಂಡವರಲ್ಲೇ ಅತಿಯಾಗಿ ದುಡಿಯುವವರು ಸಿಕ್ಕರು!

ಚೀನಾದ ಟ್ರಿಪ್‌ಡಾಟ್‌ಕಾಮ್ ಕಂಪನಿಯಲ್ಲಿ 1,612 ನೌಕರರ ಮೇಲೆ ನಡೆದ ಪ್ರಯೋಗವೊಂದು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಲ್ಲಿದ್ದವರ ಕೆಲಸ ಕುಸಿಯಲಿಲ್ಲ. ನೌಕರಿ ಬಿಡುವವರು ಮಾತ್ರ ಮೂರನೇ ಒಂದರಷ್ಟು ಕಡಿಮೆಯಾದರು. ಕೆಲಸ ಕೆಡುತ್ತದೆ ಎಂದುಕೊಂಡಿದ್ದ ಮ್ಯಾನೇಜರುಗಳೂ ಕೊನೆಗೆ ಮನಸ್ಸು ಬದಲಿಸಿದರು. ಆದರೂ ನ್ಯಾಯವಾಗಿ ಹೇಳಬೇಕಾದ್ದು ಒಂದಿದೆ: ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಹಿರಿಯರ ಪಕ್ಕ ಕುಳಿತಾಗ ಬೇಗ ಪಳಗುತ್ತಾರೆ. ಪಡಸಾಲೆಯಲ್ಲಿ ಕುಳಿತವನ ತಪ್ಪನ್ನು ಹಿಂದಿನಿಂದ ಬಗ್ಗಿ ನೋಡಿ ತಿದ್ದುವವರಿಲ್ಲ. ಆದರೆ ಹಾಗೆ ಕಲಿಸುವುದು ಪಕ್ಕದ ಕುರ್ಚಿಯವರೇ ಹೊರತು ತಾವಲ್ಲ. ಬೆಳಿಗ್ಗೆ ಕಾರ್ಡು ತಾಗಿಸಿ, ಕಾಫಿ ಕುಡಿದು, ಮತ್ತೆ ತಾಗಿಸಿ ಹೊರಬಿದ್ದವರನ್ನೂ ತಾವು ಹಾಜರಿ ಎಂದೇ ಬರೆದುಕೊಳ್ಳುತ್ತೀರಿ. ಟಾಮ್‌ಟಾಮ್‌ನ 2024ರ ಸಂಚಾರ ದಟ್ಟಣೆ ಲೆಕ್ಕದಂತೆ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಅರ್ಧ ತಾಸಿಗೂ ಹೆಚ್ಚು ಬೇಕಿತ್ತು. ರಸ್ತೆಯಲ್ಲಿ ಕಳೆದ ಆ ಹೊತ್ತಿಗೆ ತಮ್ಮಲ್ಲಿ ಕಾಲಂ ಇಲ್ಲ.

ಈ ಎರೆಭೂಮಿಯಲ್ಲಿ ಲೆಕ್ಕ ಬೇರೆ. ಹತ್ತಿ ಬಿಡಿಸಲು ಬಂದ ಹೆಣ್ಣುಮಕ್ಕಳ ಚೀಲ ಸಂಜೆ ತಕ್ಕಡಿಗೆ ಏರುತ್ತದೆ. ಕಿಲೋಗಿಷ್ಟು ಎಂದು ರೊಕ್ಕ. ಎಷ್ಟು ಹೊತ್ತಿಗೆ ಹೊಲಕ್ಕೆ ಬಂದರು, ನಡುವೆ ಎಲೆ ಅಡಿಕೆಗೆ ಎಷ್ಟು ಸಲ ಕುಳಿತರು ಎಂದು ಯಾರೂ ಬರೆದಿಡುವುದಿಲ್ಲ. ಚೀಲದಲ್ಲಿ ಕಲ್ಲು ಹಾಕುವವರ ಮೇಲೆ ಮಾತ್ರ ಕಣ್ಣಿರುತ್ತದೆ.

ತಮ್ಮ ತಮ್ಮನೊಬ್ಬ ಹಳ್ಳಿಗಳಿಗೂ ಬಂದಿದ್ದ. ನರೇಗಾ ಕೆಲಸಕ್ಕೆ 2023ರ ಜನವರಿಯಿಂದ ಮೊಬೈಲ್ ಆ್ಯಪಿನಲ್ಲಿ ದಿನಕ್ಕೆರಡು ಫೋಟೋ ಕಡ್ಡಾಯವಾಯಿತು. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಎಲ್ಲೆಲ್ಲಿಯದೋ ಚಿತ್ರಗಳನ್ನು, ಫೋಟೋದ ಫೋಟೋಗಳನ್ನು ಏರಿಸಿ ಹಾಜರಿ ತುಂಬಿಸುತ್ತಿದ್ದಾರೆಂದು ದೂರಿತು. ಕೆರೆಯ ಹೂಳು ಎಷ್ಟು ಎತ್ತಿದರು ಎಂಬುದು ಫೋಟೋದಲ್ಲಿ ಕಾಣದು. ಅದಕ್ಕೆ ಟೇಪು ಹಿಡಿದ ಎಂಜಿನಿಯರೇ ಗುಂಡಿಗಿಳಿಯಬೇಕು.

ಕೊನೆಯದಾಗಿ ಒಂದು ವಿನಂತಿ. ಹುಬ್ಬಳ್ಳಿಯ ಇನ್ಫೋಸಿಸ್ ಕಟ್ಟಡ ಜನ ಹೋರಾಡಿದ ಮೇಲೆ 2022ರಲ್ಲಿ ಬಾಗಿಲು ತೆರೆಯಿತು. ಮರುವರ್ಷ ಅಲ್ಲಿಗೆ ಬರುವವರಿಗೆ ಹುದ್ದೆಗೆ ತಕ್ಕಂತೆ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಘೋಷಣೆಯಾಯಿತು. ಗುಡಗೇರಿ ಸ್ಟೇಷನ್ನಿನಿಂದ ಹುಬ್ಬಳ್ಳಿಗೆ ರೈಲಿದೆ. ತಮಗೆ ವರ್ಗಾವಣೆ ಬೇಕಿದ್ದರೆ ಅರ್ಜಿ ಹಾಕಿಕೊಳ್ಳಬಹುದು. ಹಾಜರಿ ಕಡಿಮೆ ಬಿದ್ದರೆ ಪ್ರೋತ್ಸಾಹಧನ ಸಿಗುತ್ತದೋ ಇಲ್ಲವೋ, ಅದನ್ನು ತಾವೇ ಮಾನವ ಸಂಪನ್ಮೂಲದವರನ್ನು ಕೇಳಿಕೊಳ್ಳಬೇಕು.

ಇಂತಿ,
ಕಟ್ಟೆಯ ಮೇಲಿನವರು, ಗುಡಗೇರಿ