ಫ್ಯಾನು ಮೂರರಲ್ಲೇ ಇರಲಿ

ಏಪ್ರಿಲ್ 2 ವಿಶ್ವ ಆಟಿಸಂ ಅರಿವಿನ ದಿನ. 2008ರಿಂದ ಆಚರಿಸುತ್ತಿದ್ದಾರೆ. ನಮ್ಮಲ್ಲಿ ಅದು ಸರಿಯಾಗಿ ಬೇಸಿಗೆ ರಜೆಯ ಹೊಸ್ತಿಲಲ್ಲೇ ಬಂದು ಕೂತಿದೆ. ಆಟಿಸಂ ಇರುವ ಪುಟ್ಟ ಮಗನ ಜತೆ ಅಟ್ಟೂರಿನ ನಮ್ಮ ಮನೆಮಂದಿಗೆ ಅರಿವು ಮೂಡುವ ಕೆಲಸ ಮೇ ಮುಗಿಯುವವರೆಗೂ ನಡೆಯುತ್ತದೆ.

ರಜೆಯಲ್ಲಿ ಮನೆಯ ಆಡಳಿತ ಅವನದು. ಫ್ಯಾನು ಮೂರರಲ್ಲೇ ತಿರುಗಬೇಕು. ಸೆಕೆ ತಡೆಯಲಾರದೆ ತಾತ ಐದಕ್ಕೆ ಏರಿಸಿದರೆ, ತುಟಿಪಿಟಕ್ಕೆನ್ನದೆ ಬಂದು ಇಳಿಸಿ ಹೋಗುತ್ತಾನೆ. ಯಲಹಂಕ ವಾಯುನೆಲೆಯ ವಿಮಾನ ನೆತ್ತಿಯ ಮೇಲೆ ಗುಡುಗಿದರೂ ತಲೆಯೆತ್ತದ ಈ ಸಾಹೇಬರಿಗೆ ಕುಕ್ಕರ್ ಕೂಗು ಮಾತ್ರ ಆಗದು. ಹಾಗಾಗಿ ಅಡುಗೆಮನೆಯಿಂದ ಅಜ್ಜಿಯ ಪ್ರಕಟಣೆ: “ಪುಟ್ಟಾ, ಕಿವಿ ಮುಚ್ಕೋ, ಇನ್ನೊಂದು ವಿಷಲ್ ಇದೆ!” ಈಗ ತಾತನೂ ಮುಚ್ಚಿಕೊಳ್ಳುತ್ತಾರೆ.

ಮಾವಿನ ವಿಷಯದಲ್ಲೂ ಕಟ್ಟುನಿಟ್ಟು. ರಸಪುರಿ ಕೈಗೆ ಅಂಟುತ್ತದೆ, ಬೇಡ. ಬಾದಾಮಿ ಆಗಬಹುದು, ಚೌಕ ಹೋಳು, ನೀಲಿ ತಟ್ಟೆ, ಒಂದಕ್ಕೊಂದು ತಾಗಕೂಡದು. ಓರೆಯಾದ ಹೋಳುಗಳೆಲ್ಲ ಅಪ್ಪನ ಪಾಲು. ಅಪ್ಪ ಬೇಕೆಂದೇ ಓರೆಯಾಗಿ ಹೆಚ್ಚುತ್ತಾರೆಂಬುದು ನನ್ನ ಗುಮಾನಿ.

ರಜೆ ಅಂದಮೇಲೆ ನೆಂಟರು. “ಮೊಬೈಲ್ ಕೊಟ್ಟು ಹೀಗಾಗಿರಬೇಕು ಕಣಮ್ಮ.” 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿದಂತೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ; ಬಿಟ್ಟಿ ಸಲಹೆಯ ಚಟವನ್ನು ಯಾಕೋ ಆ ಪಟ್ಟಿಗೆ ಸೇರಿಸಿಲ್ಲ. ಒಳಗೆ ಸಲಹೆ ಸಾಗುವಾಗ ಮಗ ಹೊರಗೆ ಅವರ ಚಪ್ಪಲಿಗಳನ್ನು ಗೇಟಿನತ್ತ ಮುಖಮಾಡಿ ಸಾಲಾಗಿ ಜೋಡಿಸುತ್ತಾನೆ. ಅದನ್ನು ಸೂಚನೆಯೆಂದುಕೊಂಡು ಬೇಗ ಎದ್ದವರಿದ್ದಾರೆ. ನಾವು ತಿದ್ದಲು ಹೋಗಲಿಲ್ಲ.